ಅರ್ಧ ದಿನ ಸಿಕ್ಕರೆ ಸೊರಬ ಸೀಮೆಯಲ್ಲಿ ಏನು ತಿನ್ನಬೇಕು?

ಬಳ್ಳಿಗಾವಿಯ ಕೇದಾರೇಶ್ವರ ನೋಡಿ, ತಾಳಗುಂದದ ಪ್ರಣವೇಶ್ವರನಿಗೂ ಕೈಮುಗಿದು, ಸಂಜೆಯೊಳಗೆ ಬನವಾಸಿ ಮುಟ್ಟಬೇಕೆಂದು ಹೊರಟವರಿಗೆ ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ಹಸಿವಾಗುತ್ತದೆ. ‘ಇಲ್ಲಿನದು ಅಂತ ಏನು ಸಿಗುತ್ತೆ?’ ಎಂದು ಕೇಳುತ್ತಾರೆ. ಮಾಣಿ ಒಪ್ಪಿಸುವ ಪಟ್ಟಿ ಬೆಂಗಳೂರಿನದೇ: ಇಡ್ಲಿ-ವಡೆ, ಮಸಾಲೆ ದೋಸೆ, ಮೀಲ್ಸ್, ಸಂಜೆಯಾದರೆ ಗೋಬಿ ಮಂಚೂರಿ. ಈ ಕಡೆ ಊಟದ ವಿಶೇಷವೇನೂ ಇಲ್ಲವೆಂದು ತೀರ್ಮಾನಿಸಿ ಬಂದವರು ಕಾರು ಹತ್ತುತ್ತಾರೆ. ಬೇಸಿಗೆಯಾಗಿದ್ದರೆ, ಅದೇ ಹೊತ್ತಿಗೆ ಹಿಂದಿನ ಬೀದಿಯ ಮನೆಯಲ್ಲಿ ಅಪ್ಪೆಹುಳಿಗೆ ಇಂಗಿನ ಒಗ್ಗರಣೆ ಬೀಳುತ್ತಿರುತ್ತದೆ.

ಊರಿನ ಅಡುಗೆ ಊರಿನ ಹೋಟೆಲಿನಲ್ಲಿ ಯಾಕಿಲ್ಲ? ಹೋಟೆಲಿನವರ ಸೋಮಾರಿತನ ಎಂದು ಬೈದು ಮುಗಿಸಬಹುದು, ಆದರೆ ಅದು ನ್ಯಾಯವಲ್ಲ. ಯಾವ ಅಡುಗೆ ಬೀದಿಗೆ ಬರುತ್ತದೆ, ಯಾವುದು ಮನೆಯಲ್ಲೇ ಉಳಿಯುತ್ತದೆ ಎಂಬುದಕ್ಕೆ ಕಾರಣಗಳಿವೆ. ಅದನ್ನು ತಿಳಿಯಲು ಸ್ವಲ್ಪ ದೂರ ಹೋಗಿ ಬರೋಣ.

ಹಡಗಿನಲ್ಲಿ ಯುರೋಪ್ ಸುತ್ತುವವರಿಗೆ ಒಂದೊಂದು ಊರಿನಲ್ಲೂ ಸಿಗುವುದು ಹೆಚ್ಚೆಂದರೆ ಒಂದು ಹಗಲು. ಬೆಳಿಗ್ಗೆ ಹಡಗು ದಡ ಸೇರುತ್ತದೆ, ಸಂಜೆ ಹೊರಡುತ್ತದೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಇಂಥ ಹಡಗುಗಳು ಬರುತ್ತವೆ. ಇಳಿದವರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿ ಕಾರ್ಖಾನೆ ತೋರಿಸಿ ಸಂಜೆಯೊಳಗೆ ವಾಪಸು ಹತ್ತಿಸುತ್ತಾರೆ. ಮೆಡಿಟರೇನಿಯನ್ ಬಂದರುಗಳಲ್ಲಿ ಹೀಗೆ ಇಳಿದವರು ಊರಿನ ರುಚಿ ಹುಡುಕಿ ಅಲೆಯಬೇಕಿಲ್ಲ, ಅದು ಬೀದಿಯಲ್ಲೇ ಇರುತ್ತದೆ. ಇಟಲಿಯ ಜಿನೋವಾದಲ್ಲಿ ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕದಡಿ ದೊಡ್ಡ ತಾಮ್ರದ ತಟ್ಟೆಗೆ ಹೊಯ್ದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಅದರ ಹೆಸರು ಫರಿನಾಟಾ. ಅದೇ ಕರಾವಳಿಯಲ್ಲಿ ಫ್ರಾನ್ಸಿನ ನೀಸ್ ಊರಿಗೆ ಹೋದರೆ ಅದೇ ತಿಂಡಿ ಸೊಕ್ಕಾ ಆಗುತ್ತದೆ. ಮಾರ್ಸೇ ಊರಿನಲ್ಲಿ ಕಡಲೆಹಿಟ್ಟನ್ನು ಕಾಸಿ ಗಟ್ಟಿ ಮಾಡಿ, ಹೆಚ್ಚಿ ಕರಿದು ಪನೀಸ್ ಎಂದು ಮಾರುತ್ತಾರೆ. ಸಿಸಿಲಿಯ ಪಲೆರ್ಮೊದಲ್ಲಿ ಅಂಥದೇ ಬಿಲ್ಲೆಗಳನ್ನು ಬನ್ನಿನೊಳಗಿಟ್ಟು ಪನೆಲ್ಲೆ ಎಂದು ಕೊಡುತ್ತಾರೆ. ಸಸ್ಯಾಹಾರಿಗಳು ಯುರೋಪಿನಲ್ಲಿ ಬ್ರೆಡ್ಡು-ಬೆಣ್ಣೆಯಲ್ಲೇ ಕಾಲ ಹಾಕಬೇಕೆಂದು ಹೆದರುವವರು ಈ ನಾಲ್ಕು ಹೆಸರು ಬರೆದಿಟ್ಟುಕೊಂಡರೆ ಸಾಕು. ನೇಪಲ್ಸಿನಲ್ಲಿ ಪಿಜ್ಜಾವನ್ನು ನಾಲ್ಕು ಮಡಿಕೆ ಮಾಡಿ ಕೈಗೆ ಕೊಡುವ ಪದ್ಧತಿಯಿದೆ. ಮೀನು ತಿನ್ನುವವರಿಗೆ ಆಮ್‌ಸ್ಟರ್‌ಡ್ಯಾಮಿನ ಗಾಡಿಗಳಲ್ಲಿ ಉಪ್ಪಿನಲ್ಲಿ ಹದವಾದ ಹೆರಿಂಗ್, ಮೇಲೆ ಹೆಚ್ಚಿದ ಈರುಳ್ಳಿ.

ಇವೆಲ್ಲ ಪ್ರವಾಸಿಗರಿಗೆಂದು ಹುಟ್ಟಿದ ತಿಂಡಿಗಳಲ್ಲ. ಬಂದರಿನಲ್ಲಿ ಮೂಟೆ ಹೊರುವವರು, ನಾವಿಕರು, ಮನೆಯಲ್ಲಿ ಒಲೆ ಹಚ್ಚಲು ಪುರುಸೊತ್ತಿಲ್ಲದ ಕೂಲಿಯವರು ನಿಂತೇ ತಿಂದು ಕೆಲಸಕ್ಕೆ ಮರಳುವಂಥ ಊರುಗಳವು. ಅಗ್ಗವಾಗಿರಬೇಕು, ಹೊಟ್ಟೆ ತುಂಬಬೇಕು, ತಟ್ಟೆ-ಚಮಚ ಬೇಡಬಾರದು. ಕಡಲೆಹಿಟ್ಟು ಇದಕ್ಕೆಲ್ಲ ಒದಗಿತು. ಪ್ರವಾಸಿಗ ಅಲ್ಲಿ ತಿನ್ನುವುದು ಆ ಕೂಲಿಯವನ ತಿಂಡಿಯನ್ನೇ.

ಈಗ ವಾಪಸು ಬರೋಣ. ಸೊರಬ-ಶಿಕಾರಿಪುರದಲ್ಲಿ ಬೀದಿಯಲ್ಲಿ ನಿಂತು ತಿಂದವರು ಯಾರು? ಸಂತೆಗೆ ಗಾಡಿ ಹೊಡೆದುಕೊಂಡು ಬಂದ ರೈತರು, ಜಾತ್ರೆಗೆ ಬಂದವರು, ಬಸ್ಸು ಕಾಯುವವರು. ಇವರ ತಿಂಡಿ ಮಂಡಕ್ಕಿ-ಮೆಣಸಿನಕಾಯಿ. ಒಗ್ಗರಣೆ ಹಾಕಿದ ಮಂಡಕ್ಕಿಯ ಮೇಲೆ ಹಸಿ ಈರುಳ್ಳಿ, ಪಕ್ಕದಲ್ಲಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿ ಬಜ್ಜಿ. ಇಲ್ಲೂ ಕಡಲೆಹಿಟ್ಟೇ! ‘ಇಲ್ಲಿನದೇನು’ ಎಂದು ಕೇಳಿದವರಿಗೆ ಮಾಣಿ ಇದನ್ನು ಹೇಳುವುದಿಲ್ಲ, ಯಾಕೆಂದರೆ ಅವನ ಕಣ್ಣಿಗೆ ಅದು ಹೇಳುವಂಥದ್ದಲ್ಲ. ಶಿಕಾರಿಪುರದ ಕಡೆಯದು ಅರೆಮಲೆನಾಡು, ಹಾವೇರಿ ಬಯಲಿಗೆ ಅಂಟಿಕೊಂಡ ನೆಲ. ಆದ್ದರಿಂದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಖಾನಾವಳಿಯೂ ಆ ಕಡೆ ಸಹಜ. ಪಶ್ಚಿಮಕ್ಕೆ ಸೊರಬ ದಾಟಿ ಚಂದ್ರಗುತ್ತಿಯತ್ತ ತಿರುಗಿದರೆ ರೊಟ್ಟಿ ಅಕ್ಕಿಯದಾಗುತ್ತದೆ, ಬೀದಿ ಬಡವಾಗುತ್ತದೆ, ಮನೆಯ ಅಡುಗೆ ಶ್ರೀಮಂತವಾಗುತ್ತದೆ. ಅಡಿಕೆ ತೋಟದ ಒಂಟಿಮನೆಗಳ ಸೀಮೆಯಲ್ಲಿ ಹಾದಿಹೋಕರಿಗೆಂದು ಅಂಗಡಿ ತೆರೆಯುವಷ್ಟು ಜನ ಎಂದೂ ಒಟ್ಟಾಗಿ ನಿಂತವರಲ್ಲ. ಬಂದವರು ನೆಂಟರಾಗಿಯೇ ಬಂದರು, ಜಗಲಿಯಲ್ಲಿ ಕೂತು ಉಂಡರು.

ಹೋಟೆಲಿನವರ ಕಷ್ಟವನ್ನೂ ನೋಡಬೇಕು. ಅವರಿಗೆ ಬೇಕಾದದ್ದು ವರ್ಷವಿಡೀ ಒಂದೇ ರುಚಿಯಲ್ಲಿ ಸಿಗುವ, ಕೇಳಿದ ಐದು ನಿಮಿಷದಲ್ಲಿ ಎಲೆಗೆ ಬರುವ, ಉಳಿದರೆ ಸಂಜೆಗೂ ನಡೆಯುವ ಪದಾರ್ಥ. ಮಲೆನಾಡಿನ ಅಡುಗೆ ಮೂರರಲ್ಲೂ ಸೋಲುತ್ತದೆ. ಪತ್ರೊಡೆಗೆ ಮಳೆಗಾಲದ ಎಳೆ ಕೆಸುವಿನೆಲೆಯೇ ಆಗಬೇಕು, ಹುಳಿ ಕಡಿಮೆಯಾದರೆ ಎಲೆಯಲ್ಲಿರುವ ಸೂಜಿಯಂಥ ಹರಳುಗಳು ಗಂಟಲು ಕೆರೆಸುತ್ತವೆ. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು-ಮೂರು ದಿನ ನೆನೆಹಾಕಿ ವಿಷ ಬಿಡಿಸದೆ ಬೇಯಿಸುವಂತಿಲ್ಲ. ಮಾವಿನಕಾಯಿ ಬೇಯಿಸಿ ಹಿಚುಕಿ, ನೀರು ಬೆರೆಸಿ ತೆಳ್ಳಗೆ ಮಾಡಿದ ಅಪ್ಪೆಹುಳಿಯನ್ನು ಆಗಿಂದಾಗ ಲೋಟದಲ್ಲಿ ಕುಡಿದರೇ ಚೆನ್ನ. ಸಂಜೆಯ ಹೊತ್ತಿಗೆ ಅದರ ಪರಿಮಳ ಹೋಗಿರುತ್ತದೆ.

ತೊಡೆದೇವು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಗಲ ಹೊಟ್ಟೆಯ ಮಣ್ಣಿನ ಗಡಿಗೆಯೊಂದನ್ನು ಒಲೆಯ ಮೇಲೆ ಬೋರಲು ಹಾಕಿ ಕಾಯಿಸುತ್ತಾರೆ. ನುಣ್ಣಗೆ ರುಬ್ಬಿದ ಅಕ್ಕಿಹಿಟ್ಟಿಗೆ ಕಬ್ಬಿನ ಹಾಲೋ ಜೋನಿ ಬೆಲ್ಲವೋ ಬೆರೆಸಿ, ಬಹಳ ತೆಳ್ಳಗೆ ಕದಡಿಟ್ಟಿರುತ್ತಾರೆ. ಅದರಲ್ಲಿ ಒಂದು ಬಟ್ಟೆ ಅದ್ದಿ, ಗಡಿಗೆಯ ಬೆನ್ನಿನ ಮೇಲೆ ಒಂದೇ ಸಲ ಎಳೆಯುತ್ತಾರೆ. ಕೈ ತಡೆದರೆ ಅಲ್ಲಿ ದಪ್ಪ, ಅವಸರವಾದರೆ ತೂತು. ಚುರ್ ಎಂದ ಸದ್ದು ಮುಗಿಯುವಷ್ಟರಲ್ಲಿ ಅಂಚು ಏಳುತ್ತದೆ, ಅದನ್ನು ಬಿಸಿಯಿರುವಾಗಲೇ ಬಿಡಿಸಿ ಮಡಚಬೇಕು, ಅರೆಗಳಿಗೆ ತಡವಾದರೂ ಮುರಿಯುತ್ತದೆ. ಕಾಗದದಷ್ಟು ತೆಳುವಾದ ಒಂದು ಹಾಳೆ ಆಯಿತು. ಇಂಥವನ್ನು ಒಂದೊಂದಾಗಿ ಎಳೆಯುತ್ತ ಒಲೆಯ ಮುಂದೆ ಬೇಯುವ ಹೆಂಗಸಿನ ಅರ್ಧ ದಿನಕ್ಕೆ ಯಾವ ಹೋಟೆಲು ಎಷ್ಟು ಕೊಟ್ಟೀತು? ಡಬ್ಬಿಯಲ್ಲಿ ಮಾರುವವರು ಬೆಲೆ ಹೇಳಿದಾಗ ಚೌಕಾಸಿಗೆ ಇಳಿಯುವವರು ಇದನ್ನು ಒಮ್ಮೆ ನೋಡಿರಬೇಕು. ಕೊಂಡವರು ತುಪ್ಪ, ಬಿಸಿ ಹಾಲಿನ ಜೊತೆ ತಿನ್ನಲಿ.

ಹೀಗಾಗಿ ಈ ಸೀಮೆಗೆ ಬರುವವರು ‘ಯಾವುದು ಫೇಮಸ್’ ಎಂದು ಕೇಳುವುದಕ್ಕಿಂತ ‘ಈಗ ಯಾವುದರ ಕಾಲ’ ಎಂದು ಕೇಳುವುದು ಮೇಲು. ಚಳಿಗಾಲದ ಕೊನೆಗೆ ಆಲೆಮನೆ ನಡೆಯುತ್ತಿದ್ದರೆ ಬೇರೇನೂ ಹುಡುಕಬೇಡಿ. ಕಬ್ಬಿನ ಹಾಲು ಕುಡಿದು, ಕೊಪ್ಪರಿಗೆಯ ಮೇಲಿನ ನೊರೆಬೆಲ್ಲ ನೆಕ್ಕಿ, ನಡುನಡುವೆ ಅದೇ ಮಂಡಕ್ಕಿ-ಮೆಣಸಿನಕಾಯಿ ಕಡಿಯುವುದು ಇಲ್ಲಿಯ ಕ್ರಮ. ಸಿಹಿ ಮುಖ ಕಟ್ಟಿದಾಗ ಖಾರ, ಖಾರ ಹತ್ತಿದಾಗ ಮತ್ತೆ ಹಾಲು. ಬೇಸಿಗೆಯಲ್ಲಿ ಅಪ್ಪೆಮಿಡಿ, ಹಲಸಿನ ಹಣ್ಣಿನ ಕಡುಬು, ರಸ್ತೆಬದಿಯ ಅನಾನಸು. ಒಂದೆಲಗದ ತಂಬುಳಿ ಉಣ್ಣಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಬೇಸಿಗೆಯಲ್ಲೇ ಕೆರೆಬೇಟೆಯೂ ಬರುತ್ತದೆ. ಕೆರೆಯ ನೀರು ಇಳಿದಾಗ ಊರವರು ದಿನ ಗೊತ್ತುಮಾಡುತ್ತಾರೆ. ಸುತ್ತಲ ಹಳ್ಳಿಗಳ ಗಂಡಸರು ತಳವಿಲ್ಲದ ಬುಟ್ಟಿಯಂಥ ಬಿದಿರಿನ ಕೂಣಿ ಹಿಡಿದು ಒಟ್ಟಿಗೇ ನೀರಿಗೆ ನುಗ್ಗಿ, ಕೆಸರಿಗೆ ಕೂಣಿ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ಮೀನು ಹಿಡಿಯುತ್ತಾರೆ. ಅವತ್ತು ರಾತ್ರಿ ಆ ಊರುಗಳಲ್ಲಿ ಮೀನಿನ ಸಾರು ಕುದಿಯದ ಮನೆ ಕಡಿಮೆ. ಮಲೆನಾಡಿನ ಊಟವೆಂದರೆ ತಂಬುಳಿ, ಉಪ್ಪಿನಕಾಯಿ ಎಂದಷ್ಟೇ ಬರೆಯುವ ನಮ್ಮಂಥವರು ಈ ಸಾರನ್ನೂ, ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಹತ್ತುಮೀನನ್ನೂ, ಅಕ್ಕಿ ಕಡುಬಿಗೆ ನಾಟಿಕೋಳಿ ಸಾರನ್ನೂ ಪಟ್ಟಿಯಿಂದ ಬಿಡುವುದು ಯಾವ ನ್ಯಾಯ?

ಅಕ್ಟೋಬರಿನ ಹೊತ್ತಿಗೆ ಸೀಗೆ ಹುಣ್ಣಿಮೆ, ಇಲ್ಲಿಯವರಿಗೆ ಭೂಮಿ ಹುಣ್ಣಿಮೆ. ದೀವರ ಮನೆಗಳಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಕಡುಬು, ಬಗೆಬಗೆಯ ಸೊಪ್ಪು ಬೇಯಿಸಿದ ಎಡೆಯನ್ನೆಲ್ಲ ತುಂಬಿಕೊಂಡು ಹೋಗಿ, ಹೊಡೆಯಾದ ಭತ್ತಕ್ಕೆ ಪೂಜೆ ಮಾಡಿ, ಗದ್ದೆಯ ಬದುವಿನಲ್ಲೇ ಕೂತು ಉಣ್ಣುತ್ತಾರೆ. ಪರಿಚಯದವರ ಮೂಲಕ ಹೋದವರಿಗೆ ಅಲ್ಲಿ ಎಲೆ ತಪ್ಪುವುದಿಲ್ಲ.

ಅರ್ಧ ದಿನದ ಪ್ರವಾಸಿಗೆ ಇದೆಲ್ಲ ಹೇಗೆ ದಕ್ಕಬೇಕು? ಹಿಂದಿನ ದಿನವೇ ಹೋಂಸ್ಟೇಗೋ ಮನೆಯೂಟ ಮಾಡಿಕೊಡುವವರಿಗೋ ಫೋನು ಮಾಡಿ, ಇಷ್ಟು ಜನ, ಇಂಥ ಹೊತ್ತು, ನಿಮ್ಮ ಮನೆಯಲ್ಲಿ ನಾಳೆ ಏನು ಮಾಡುತ್ತೀರೋ ಅದೇ ಸಾಕು ಎನ್ನಬೇಕು. ಕೊನೆಯ ಮಾತು ಮುಖ್ಯ. ಅದಿಲ್ಲದಿದ್ದರೆ ಪಾಪ, ಅವರು ಪನೀರ್ ತರಲು ಪೇಟೆಗೆ ಓಡುತ್ತಾರೆ.

ಬುತ್ತಿ ಕಟ್ಟಿಕೊಂಡು ಬರುವವರಿಗೆ ಒಂದು ಎಚ್ಚರಿಕೆ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಲೋಕಕ್ಕೆಲ್ಲ ಗೊತ್ತಿರುವುದು ಕಾಯಿಲೆಯಿಂದ. 1957ರಲ್ಲಿ ಇಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತಾಗ ಪತ್ತೆಯಾದ ವೈರಸ್ಸಿಗೆ ಊರಿನ ಹೆಸರೇ ನಿಂತಿತು. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಅದು ಹರಡುವುದು ಉಣುಗಿನ ಕಡಿತದಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ. ಇಲ್ಲಿಯ ಊಟಕ್ಕೆ ಹೆದರಬೇಕಾದ್ದಿಲ್ಲ. ಆದರೆ ಆ ತಿಂಗಳುಗಳಲ್ಲಿ ಬುತ್ತಿ ಬಿಚ್ಚಲು ಕಾಡಿನ ತರಗೆಲೆಯ ಮೇಲೆ ಕೂರಬೇಡಿ, ಮಂಗ ಸತ್ತ ಸುದ್ದಿಯಿರುವ ಕಡೆ ಕಾಡಿಗೆ ಕಾಲಿಡಲೇಬೇಡಿ.

ಇನ್ನು ಊರಿನವರಿಗೆ ಒಂದು ಮಾತು. ಬಳ್ಳಿಗಾವಿ ಅಲ್ಲಮನ ಊರು, ಉಡುತಡಿ ಅಕ್ಕಮಹಾದೇವಿಯ ಊರು, ಜನ ಬರುವುದು ನಿಲ್ಲುವುದಿಲ್ಲ. ಅಪ್ಪೆಹುಳಿಯನ್ನು ದಿನವಿಡೀ ಕಾಯ್ದಿಡಲಾಗದು, ನಿಜ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಡಬ್ಬಿಯಲ್ಲಿಟ್ಟ ತೊಡೆದೇವು ಕೆಡುವ ಪದಾರ್ಥಗಳಲ್ಲ. ಸ್ತ್ರೀಶಕ್ತಿ ಸಂಘಗಳು ಇವನ್ನು ಮಾಡುತ್ತಲೇ ಇವೆ, ಆದರೆ ಮಾರುವುದು ಮೇಳಗಳಲ್ಲಿ, ಪರಿಚಯದವರಿಗೆ. ದೇವಸ್ಥಾನದ ಹಾದಿಯಲ್ಲಿ ಪಂಚಾಯಿತಿ ಒಂದು ಮಳಿಗೆ ಕೊಟ್ಟು, ಶನಿವಾರ-ಭಾನುವಾರ ಒಂದು ಒಲೆ ಹೊತ್ತಿಸಲು ಅನುಕೂಲ ಮಾಡಿದರೆ, ಬಿಸಿ ಕಡುಬಿಗೆ ಗಿರಾಕಿಗಳನ್ನು ಕರೆಯಬೇಕಾಗಿಲ್ಲ.