ಹುಟ್ಟದ ಬೈಕಿನ ಜಾತಕ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಹಿರಿಯರು ನಗುತ್ತಿದ್ದರು. ಈಗಿನ ಬೈಕ್ ಸವಾರರು ಕುಲಾವಿಗೇ ನಿಲ್ಲುವವರಲ್ಲ. ಕೂಸಿನ ತೂಕ, ಎತ್ತರ, ಬಣ್ಣ, ದನಿ ಎಲ್ಲವನ್ನೂ ಮುಂಚಿತವಾಗಿ ಬರೆದಿಡುತ್ತಾರೆ. ರಾಯಲ್ ಎನ್‌ಫೀಲ್ಡ್ ಕಂಪೆನಿಯ ಹಿಮಾಲಯನ್ ಎಂಬ ದೂರಪ್ರಯಾಣದ ಬೈಕು 2016ರಲ್ಲಿ ಮಾರುಕಟ್ಟೆಗೆ ಬಂದಂದಿನಿಂದ ಈ ಜಾತಕ ಬರೆಯುವ ಕೆಲಸ ನಿಂತದ್ದೇ ಇಲ್ಲ. ಮುಂದಿನದು 650 ಸಿ.ಸಿ. ಎಂದರು, ಆಮೇಲೆ 750 ಎಂದರು. ಎರಡು ಸಿಲಿಂಡರಂತೆ, ಮುಂದಿನ ಚಕ್ರಕ್ಕೆ ಎರಡು ಡಿಸ್ಕಂತೆ. ಪರೀಕ್ಷೆಗೆಂದು ಮುಸುಕು ಹಾಕಿ ಓಡಿಸಿದ ಬೈಕಿನ ಒಂದು ಮಸುಕು ಚಿತ್ರ ಸಿಕ್ಕಿದರೆ ಸಾಕು, ವಾರವಿಡೀ ಅಂತೆ-ಕಂತೆಗಳ ಸಂತೆ.

ಹೈಸ್ಕೂಲು ಮಾಸ್ಟ್ರಿಗೆ ಈ ಉಸಾಬರಿ ಏಕೆಂದು ಓದುಗರು ಕೇಳಬಹುದು. ಕಾರಣವಿದೆ. ಬೈಕು ಕೊಳ್ಳುವವರು ನನ್ನ ಹಳೆಯ ವಿದ್ಯಾರ್ಥಿಗಳು. ಸಾಲಕ್ಕೆ ಜಾಮೀನು ನಿಲ್ಲುವವರು ಅವರ ಅಪ್ಪಂದಿರು, ಅಂದರೆ ನನ್ನ ಓರಗೆಯವರು. 2023ರ ನವೆಂಬರಿನಲ್ಲಿ ಹೊಸ ಹಿಮಾಲಯನ್ 450 ಬಂದಾಗ ಅದರ ಆರಂಭದ ಷೋರೂಂ ಬೆಲೆಯೇ 2.69 ಲಕ್ಷ ರೂಪಾಯಿ. ತೆರಿಗೆ, ವಿಮೆ, ನೋಂದಣಿ ಇವೆಲ್ಲ ಬೇರೆ. ಅಡಿಕೆಯ ಫಸಲನ್ನು ನಂಬಿದ ಮನೆಗೆ ಇದು ಆಟದ ಹಣವಲ್ಲ. "ಈಗ ತೆಗೆಯುವುದು ಬೇಡ ಮಾಸ್ಟ್ರೇ, ಹೊಸತು ಬರ್ಲಿಕ್ಕುಂಟು" ಎಂದು ಒಬ್ಬ ಕಾಯುತ್ತಾನೆ. ಇನ್ನೊಬ್ಬ ನಿನ್ನೆ ಕೊಂಡದ್ದನ್ನು ಇಂದು ಹಳೆಯದೆಂದು ಬಗೆದು ಬಂದ ಬೆಲೆಗೆ ಮಾರಲು ಹೊರಡುತ್ತಾನೆ. ಊಹೆಯ ಖರ್ಚು ಹೀಗೆ ಮನೆಯ ಲೆಕ್ಕಕ್ಕೆ ಬಂದು ಬೀಳುತ್ತದೆ.

ಹಾಗೆಂದು ಊಹೆಯೇ ತಪ್ಪೆಂಬುದು ನನ್ನ ವಾದವಲ್ಲ. ಊಹಿಸುವುದಕ್ಕೆ ಏನೂ ಇಲ್ಲದಿದ್ದ ಕಾಲವನ್ನೂ ನಾವು ಕಂಡಿದ್ದೇವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರ ವರೆಗೆ ಬೈಕು ತಯಾರಿಸಿತು. ಜಾವಾ ಎಂಬ ಹೆಸರು ಮುಂದೆ ಯೆಜ್ಡಿ ಎಂದಾಯಿತು. ಅದೇ ಎರಡು ಸ್ಟ್ರೋಕಿನ ಎಂಜಿನ್, ಅದೇ ಎರಡು ಸೈಲೆನ್ಸರ್, ಒದ್ದು ಚಾಲೂ ಮಾಡಿದ ಕಾಲಿನಲ್ಲಿ ಅದೇ ಲಿವರನ್ನು ಒತ್ತಿ ಗೇರು ಹಾಕುವ ವಿಚಿತ್ರ. ಬದಲಾವಣೆ ಕಡಿಮೆಯಾದುದರಿಂದ ಊರಿಗೊಬ್ಬ ಮೆಕ್ಯಾನಿಕ್ಕನಿಗೆ ಅದರ ನಾಡಿ ಗೊತ್ತಿತ್ತು. ಆದರೆ ಹೊಗೆಯ ಕಾನೂನುಗಳು ಬಿಗಿಯಾಗುತ್ತ ಬಂದಾಗ, ಪೈಪೋಟಿ ಏರಿದಾಗ, ಬದಲಾಗದ ಬೈಕು ಉಳಿಯಲಿಲ್ಲ. ಬದಲಾವಣೆ ಬೇಡವೆನ್ನುವವರು ಈ ಉದಾಹರಣೆಯನ್ನು ಮರೆಯಬಾರದು.

ಪ್ರಶ್ನೆ ಇರುವುದು, ಬದಲಾವಣೆ ಯಾರ ಮಾತಿನಿಂದ ಬರುತ್ತದೆ ಎಂಬಲ್ಲಿ. ಹಿಮಾಲಯನ್ನಿನ ಚರಿತ್ರೆಯನ್ನೇ ನೋಡೋಣ. ಮೊದಲು ಬಂದದ್ದು 411 ಸಿ.ಸಿ.ಯ, ಕಾರ್ಬುರೇಟರ್ ಇದ್ದ ಬೈಕು. 2017ರಲ್ಲಿ ಕಾರ್ಬುರೇಟರ್ ಹೋಗಿ ಇಂಧನ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಬಂತು. ಸವಾರರು ಕೇಳಿದರೆಂದು ಬಂದುದೇ? ಅಲ್ಲ. ಆ ವರ್ಷದ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-4 ನಿಯಮ ಕಡ್ಡಾಯವಾಯಿತು. ಹಳೆಯ ಸ್ಟೇಜ್-3ರ ವಾಹನಗಳನ್ನು ಅಂದಿನಿಂದ ಮಾರಕೂಡದೆಂದು ಸುಪ್ರೀಂ ಕೋರ್ಟು ಮಾರ್ಚ್ ಕೊನೆಯಲ್ಲಿ ಹೇಳಿದಾಗ ದೇಶದುದ್ದಕ್ಕೂ ಷೋರೂಮುಗಳು ಎರಡೇ ದಿನದಲ್ಲಿ ದಾಸ್ತಾನು ಖಾಲಿ ಮಾಡಲು ಭಾರೀ ರಿಯಾಯಿತಿ ಕೊಟ್ಟದ್ದು ಹಲವರಿಗೆ ನೆನಪಿದ್ದೀತು. 125 ಸಿ.ಸಿ. ಮೀರಿದ ಬೈಕುಗಳಿಗೆಲ್ಲ ಎ.ಬಿ.ಎಸ್. ಬ್ರೇಕು 2019ರ ಏಪ್ರಿಲಿನಿಂದ ಕಡ್ಡಾಯವಾಯಿತು. ಮತ್ತೆ 2020ರಲ್ಲಿ ಸ್ಟೇಜ್-6. ಮುಸುಕು ಹಾಕಿದ ಬೈಕಿನ ಚಿತ್ರಕ್ಕಿಂತ ಸರಕಾರದ ಗಜೆಟ್ಟನ್ನು ಓದಿದವನೇ ಹೆಚ್ಚು ಸರಿಯಾಗಿ ಭವಿಷ್ಯ ಹೇಳಬಲ್ಲವನಾಗಿದ್ದ. ಗಜೆಟ್ಟು ಓದಲು ಯಾರಿಗೆ ಉತ್ಸಾಹ, ಅದು ಬೇರೆ ಮಾತು!

ಇಷ್ಟಾದರೂ ಸವಾರರ ಮಾತು ಪೂರ್ತಿ ವ್ಯರ್ಥವಾಗಿಲ್ಲ. ಜಲ್ಲಿಯ ಇಳಿಜಾರಿನಲ್ಲಿ ಹಿಂಬದಿಯ ಎ.ಬಿ.ಎಸ್. ಬ್ರೇಕನ್ನು ಸಡಿಲಿಸುತ್ತಲೇ ಇದ್ದರೆ ಬೈಕು ನಿಲ್ಲುವುದು ತಡವಾಗುತ್ತದೆ; ಅದನ್ನು ಬೇಕಾದಾಗ ನಿಲ್ಲಿಸಿಡುವ ಗುಂಡಿ 2020ರ ಮಾದರಿಯಲ್ಲಿ ಬಂತು. ಟ್ಯಾಂಕಿನ ಪಕ್ಕದ ಕಬ್ಬಿಣದ ಚೌಕಟ್ಟು ಎತ್ತರದವರ ಮೊಣಕಾಲಿಗೆ ತಾಗುತ್ತಿತ್ತು. 2021ರಲ್ಲಿ ಅದನ್ನು ತಿದ್ದಿದರು. ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಚಕ್ರದ್ದು. ಹಿಮಾಲಯನ್ 450 ನಮ್ಮ ದೇಶದಲ್ಲಿ ಬಿಡುಗಡೆಯಾದಾಗ ಕಡ್ಡಿಚಕ್ರಕ್ಕೆ ಟ್ಯೂಬ್ ಇದ್ದ ಟಯರು. ಟ್ಯೂಬ್ ಪಂಚರಾದರೆ ಚಕ್ರ ಬಿಚ್ಚಿ, ಟಯರು ಕಳಚಿ, ತೇಪೆ ಹಚ್ಚಬೇಕು. ಮಳೆಗಾಲದಲ್ಲಿ ಘಟ್ಟದ ನಡುವೆ ಇದೇನೆಂಬುದನ್ನು ಅನುಭವಿಸಿದವರೇ ಬಲ್ಲರು. ಟ್ಯೂಬಿಲ್ಲದ ಟಯರಾದರೆ ಒಂದು ಬತ್ತಿ ತುರುಕಿ ಗಾಳಿ ಹಾಕಿ ಮುಂದೆ ಹೋಗಬಹುದು. ಸವಾರರು ಪಟ್ಟು ಬಿಡದೆ ಕೇಳಿದರು. 2024ರಲ್ಲಿ ಟ್ಯೂಬಿಲ್ಲದ ಕಡ್ಡಿಚಕ್ರ ಇಲ್ಲಿಯೂ ಬಂತು, ಪ್ರತ್ಯೇಕ ಹಣ ತೆತ್ತವರಿಗೆ.

ಇದನ್ನು ನಾನು ಒಪ್ಪುತ್ತೇನೆ, ಮೆಚ್ಚುತ್ತೇನೆ. ಪ್ರಯಾಣ ಮಾಡಿದವನು ಪ್ರಯಾಣದಿಂದ ಕಲಿತು ಕೇಳಿದ ಮಾತು ಇದು. ಆದರೆ ನೂರು ಮಾತಿನಲ್ಲಿ ಇಂಥ ಮಾತು ಎಷ್ಟು? ಉಳಿದುದೆಲ್ಲ ಕುದುರೆಶಕ್ತಿಯ ಕಥೆ. 411ರ ಎಂಜಿನ್ನಿಗೆ ಸುಮಾರು 24 ಕುದುರೆಶಕ್ತಿ ಇತ್ತು. 450ಕ್ಕೆ ಸುಮಾರು 40. ಗಾಳಿಯಿಂದ ತಣಿಯುತ್ತಿದ್ದ ಎಂಜಿನ್ ಹೋಗಿ ನೀರಿನಿಂದ ತಣಿಯುವುದು ಬಂತು, ಐದು ಗೇರು ಆರಾಯಿತು, ಟ್ಯಾಂಕು 15 ಲೀಟರಿನಿಂದ 17ಕ್ಕೆ ಏರಿತು. ಸೊಗಸಾದ ಬೈಕು, ಸಂಶಯವಿಲ್ಲ. ಇಷ್ಟು ಶಕ್ತಿ ಏರಿಯೂ ತೂಕ 199 ಕಿಲೋದಿಂದ 196ಕ್ಕೆ ಇಳಿದದ್ದು ಎಂಜಿನಿಯರರ ಜಾಣ್ಮೆ. ಆದರೆ 800 ಮಿಲ್ಲಿಮೀಟರ್ ಎತ್ತರವಿದ್ದ ಸೀಟು ಈಗ ಅತಿ ತಗ್ಗಿಸಿದರೂ 825. ನಮ್ಮ ಕಡೆಯ ಸಾಧಾರಣ ಎತ್ತರದ ಹುಡುಗ ಸಾಮಾನು ಹೇರಿಕೊಂಡು ಇಳಿಜಾರಿನಲ್ಲಿ ನಿಂತಾಗ ಪಾದ ಊರುತ್ತದೋ ಬೆರಳು ಮಾತ್ರ ಊರುತ್ತದೋ ಎಂಬುದು ಈ ಅಂಗುಲದಲ್ಲಿ ನಿರ್ಧಾರವಾಗುತ್ತದೆ. ಕುದುರೆಶಕ್ತಿಯ ಚರ್ಚೆಗೆ ಸಿಕ್ಕಿದ ಕಾಲದ ಹತ್ತನೆಯ ಒಂದಂಶವೂ ಇದಕ್ಕೆ ಸಿಗಲಿಲ್ಲ.

ಈಗ ಎರಡು ಸಿಲಿಂಡರಿನ ಹಂಬಲ. ಇದೇ ಕಂಪೆನಿ 2023ರಲ್ಲಿ ಹೊರತಂದ ದೂರಪ್ರಯಾಣದ ಸೂಪರ್ ಮೀಟಿಯರ್ 650 ಎರಡು ಸಿಲಿಂಡರಿನದು. ಅದರ ತೂಕ 241 ಕಿಲೋ. ಸಮತಟ್ಟಾದ ಹೆದ್ದಾರಿಯಲ್ಲಿ ಅದು ರಾಜನಂತೆ ಹೋಗುತ್ತದೆ, ನಿಜ. ಆದರೆ ಹಿಮಾಲಯನ್ ಕೊಳ್ಳುವವನ ಮನಸ್ಸು ಹೆದ್ದಾರಿಯಲ್ಲಿಲ್ಲ. ಸುಳ್ಯ ದಾಟಿ ಮಡಿಕೇರಿ ಏರುವಾಗ ಯಾವುದೋ ಕವಲುದಾರಿ ಹಿಡಿದು ಕೆಸರಿನಲ್ಲಿ ಬೈಕು ಬಿದ್ದರೆ ಒಬ್ಬನೇ ಎತ್ತಿ ನಿಲ್ಲಿಸಬೇಕು. ಬರಲಿರುವ ಬೈಕಿನ ವಿಷಯದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಇದು: ಬಿದ್ದರೆ ಎತ್ತಬಹುದೇ? ಅದಕ್ಕೆ ಉತ್ತರ ಗೊತ್ತಾದ ಮೇಲೆ ವೇಗದ ಮಾತು.

ತೆರಿಗೆಯನ್ನೂ ಇಲ್ಲಿ ಹೇಳದೆ ವಿಧಿಯಿಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ. ವರೆಗಿನ ಬೈಕುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದರ ಮೇಲಿನವುಗಳಿಗೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಗೆರೆ ಎಳೆದವರು ದೆಹಲಿಯಲ್ಲಿ. ಆದರೆ ಮುಂದೆ ಯಾವ ಗಾತ್ರದ ಎಂಜಿನ್ ತಯಾರಿಸಬೇಕೆಂಬ ಚಿಂತೆ ಎಲ್ಲ ಕಂಪೆನಿಗಳದ್ದು. 2022ರಲ್ಲಿ ಹೊಸ ಮಾಲಕರ ಕೈಯಲ್ಲಿ ಮರಳಿ ಬಂದ ಯೆಜ್ಡಿಯ ಅಡ್ವೆಂಚರ್ ಬೈಕು 334 ಸಿ.ಸಿ.ಯದು, ಗೆರೆಯ ಈಚೆಗೆ ಉಳಿಯಿತು. ಹಿಮಾಲಯನ್ನಿನ 452 ಸಿ.ಸಿ. ಗೆರೆಯ ಆಚೆ. 750ರ ಕನಸು ಕಾಣುವವರು ಈ ಶೇಕಡಾ 22ರ ಅಂತರವನ್ನೂ ಜಾತಕದಲ್ಲಿ ಬರೆದುಕೊಂಡರೆ ಒಳಿತು. ನನ್ನ ಮಟ್ಟಿಗೆ ಹೇಳುವುದಾದರೆ, ಗೆರೆಯ ಈಚೆಗಿನ, ಹಗುರವಾದ, ಸೀಟು ತಗ್ಗಾದ ಒಂದು ದೂರಪ್ರಯಾಣದ ಬೈಕು ಬರಲಿ ಎಂದು ಸವಾರರು ಒಟ್ಟಾಗಿ ಕೇಳುವುದು ಹೆಚ್ಚು ಬುದ್ಧಿವಂತಿಕೆ.

ಇನ್ನೊಂದು ಮಾತು. ಹೊಸತರ ಸಡಗರದಲ್ಲಿ ನಿಂತುಹೋದ ಮಾದರಿಯನ್ನು ವಿಚಾರಿಸುವವರಿಲ್ಲ. 450 ಬಂದೊಡನೆ 411ರ ತಯಾರಿಕೆ ನಿಂತಿತು. ಏಳು ವರ್ಷಗಳಲ್ಲಿ ಮಾರಿದ ಆ ಬೈಕುಗಳು ಇಂದಿಗೂ ರಸ್ತೆಯಲ್ಲಿವೆ. ಕಂತು ಮುಗಿದು ಈಗಷ್ಟೇ ಮನೆಯವರ ಸ್ವಂತವಾದವೂ ಉಂಟು. ಅವುಗಳ ಬಿಡಿಭಾಗ ಎಷ್ಟು ವರ್ಷ ದೊರೆಯುತ್ತದೆ, ಇಂಜೆಕ್ಷನ್ ವ್ಯವಸ್ಥೆ ಕೆಟ್ಟರೆ ಪರೀಕ್ಷಿಸುವ ಉಪಕರಣ ಸಣ್ಣ ಪೇಟೆಯ ಗಾರೇಜಿನವನಿಗೂ ಸಿಗುತ್ತದೆಯೇ ಎಂಬುದನ್ನು ಯಾವ ಕಂಪೆನಿಯೇ ಆಗಲಿ ಹೊಸ ಮಾದರಿಯ ಬಿಡುಗಡೆಯ ದಿನವೇ ಬರೆದು ಪ್ರಕಟಿಸಬೇಕು. ಸವಾರರ ಸಂಘಗಳು ಮುಂದಿನ ಬೈಕಿನ ದೀಪ ಗುಂಡಗೋ ಚೌಕವೋ ಎಂಬ ಚರ್ಚೆಯ ನಡುವೆ ಈ ಒಂದು ಪ್ರಶ್ನೆಯನ್ನೂ ಕೇಳಲಿ. ಕಂಪೆನಿಯವರು ಸವಾರರ ಮಾತಿಗೆ ಕಿವಿಗೊಡುತ್ತಾರೆಂಬುದು ಚಕ್ರದ ವಿಷಯದಲ್ಲಿ ಈಗಾಗಲೇ ಗೊತ್ತಾಗಿದೆ.