ಹಂಡೆಯ ಬಿಸಿನೀರು ಯಾರಿಗೆ?

ಅಡಿಕೆ ಕೊಯ್ಲಿನ ಗಡಿಬಿಡಿ ತಗ್ಗುತ್ತಿದ್ದಂತೆ ಮಲೆನಾಡಿನ ಹಳ್ಳಿಗಳಲ್ಲಿ ದರಕು ಗುಡಿಸುವ ಕಾಲ ಆರಂಭವಾಗುತ್ತದೆ. ಕೊಟ್ಟಿಗೆಗೆ ಹಾಸಲು, ಗೊಬ್ಬರ ಗುಂಡಿ ತುಂಬಲು, ತೋಟದ ಬುಡಕ್ಕೆ ಮುಚ್ಚಲು ಬೆಟ್ಟದ ತರಗೆಲೆಯೇ ಬೇಕು. ನವೆಂಬರಿನಿಂದ ಮೇವರೆಗಿನ ಇದೇ ತಿಂಗಳುಗಳಲ್ಲಿ, ಗಸಗಸೆ ಕಾಳಿನಷ್ಟು ಗಾತ್ರದ ಮರಿ ಉಣುಗುಗಳು ಅದೇ ತರಗೆಲೆಯಲ್ಲಿ ಹಸಿದು ಕಾಯುತ್ತಿರುತ್ತವೆ. ಮಂಗನ ಕಾಯಿಲೆ ಮನುಷ್ಯರಿಗೆ ತಗಲುವುದು ಬಹುಮಟ್ಟಿಗೆ ಈ ಮರಿಗಳಿಂದ.

ಕಾಯಿಲೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತುಬಿದ್ದು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ರೋಗಾಣುವನ್ನು ಗುರುತಿಸಿದರು. ವೈದ್ಯಗ್ರಂಥಗಳಲ್ಲಿ ಕಾಯಿಲೆಗೆ ಆ ಕಾಡಿನ ಹೆಸರೇ ನಿಂತಿತು. ಬಹುಕಾಲ ಕರ್ನಾಟಕದ ಪಶ್ಚಿಮಘಟ್ಟದ ಜಿಲ್ಲೆಗಳಿಗೆ ಸೀಮಿತವೆಂದು ಭಾವಿಸಲಾಗಿದ್ದ ಇದು 2013ರಲ್ಲಿ ಕೇರಳದ ವಯನಾಡಿನಲ್ಲಿ, 2015ರಲ್ಲಿ ಗೋವೆಯ ಸತ್ತರಿಯಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲೂ, 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲೂ ಆದ ಸಾವುಗಳನ್ನು ಈ ಭಾಗದ ಜನ ಮರೆತಿಲ್ಲ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯ ಪರಿಣಾಮ ಕುಂದಿದೆಯೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಅದು ಕೈಗೆ ಬರುವವರೆಗೆ ಹಳ್ಳಿಗರಿಗೆ ಉಳಿದಿರುವ ರಕ್ಷಣೆ ದಿನನಿತ್ಯದ ಅಭ್ಯಾಸಗಳೇ.

ಪ್ರತಿ ವರ್ಷವೂ ಹೊರಡುವ ಮೊದಲ ಸೂಚನೆ 'ಕಾಡಿಗೆ ಹೋಗಬೇಡಿ' ಎಂಬುದು. ಪೇಟೆಯ ಕಚೇರಿಯಲ್ಲಿ ಕುಳಿತು ಇದನ್ನು ಬರೆಯುವುದು ಸುಲಭ. ಸೌದೆ, ಸೊಪ್ಪು, ದರಕು, ದನ ಇವುಗಳಲ್ಲಿ ಯಾವುದನ್ನು ಬಿಟ್ಟು ಮನೆ ನಡೆಯುತ್ತದೆಂದು ಆ ಸೂಚನೆ ಹೇಳುವುದಿಲ್ಲ. ಕಾಡಿಗೆ ಹೋಗಲೇಬೇಕಾದವರು ಹೇಗೆ ಹೋಗಿ ಹೇಗೆ ಮರಳಬೇಕೆಂಬುದೇ ವಿಚಾರವಾಗಬೇಕು.

ಮಾಡಬೇಕಾದದ್ದು ಕಷ್ಟದ್ದಲ್ಲ. ಆರೋಗ್ಯ ಇಲಾಖೆ ಉಚಿತವಾಗಿ ಹಂಚುವ ಡೆಪಾ ತೈಲವನ್ನು ಹೊರಡುವ ಮುನ್ನ ಕೈಕಾಲುಗಳಿಗೆ ಹಚ್ಚಬೇಕು. ಅದರ ವಾಸನೆಯನ್ನು ಉಣುಗು ಸಹಿಸದು, ಆದರೆ ಅದು ಇಡೀ ದಿನ ಉಳಿಯುವುದಿಲ್ಲವಾದ್ದರಿಂದ ಮಧ್ಯಾಹ್ನ ಇನ್ನೊಮ್ಮೆ ಹಚ್ಚಬೇಕಾಗುತ್ತದೆ. ಊಟಕ್ಕೆ ಮೊದಲು ಕೈಯನ್ನು ಸೋಪಿನಿಂದ ತೊಳೆಯುವುದನ್ನು ಮರೆಯಬಾರದು. ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಉಡುಪು ಇರಬೇಕು. ಕವಳ ಹಾಕಲೆಂದು ತರಗೆಲೆಯ ರಾಶಿಯ ಮೇಲೆ ಕೂರುವ ಹತ್ತು ನಿಮಿಷವೇ ಅಪಾಯದ್ದು. ಕೂರಲೇಬೇಕಾದರೆ ಬರಿಯ ಬಂಡೆ ಲೇಸು. ಹೊತ್ತು ತಂದ ದರಕನ್ನು ಮನೆಯ ಜಗುಲಿಯ ಪಕ್ಕದಲ್ಲಿ ಸುರಿಯದೆ ದೂರದಲ್ಲಿ ರಾಶಿ ಹಾಕಬೇಕು. ಮೈಗೆ ಕಚ್ಚಿದ ಉಣುಗನ್ನು ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು, ಉಗುರಿನಲ್ಲಿ ಒರೆಯುವುದು ಮೂರೂ ತಪ್ಪು. ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆದು ತೆಗೆದು, ಆ ಜಾಗವನ್ನು ಸೋಪಿನಿಂದ ತೊಳೆಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಸಂಜೆಯ ಸ್ನಾನ. ಕಾಡಿನಿಂದ ಬಂದವರು ಒಳಗೆ ಕಾಲಿಡುವ ಮೊದಲು ಬಟ್ಟೆ ಕಳಚಿ ಕುದಿನೀರಿನಲ್ಲಿ ಅದ್ದಬೇಕು. ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯಲ್ಲಿ ಉಣುಗು ಜೀವಂತವಾಗಿಯೇ ಉಳಿಯಬಲ್ಲದು. ಆಮೇಲೆ ಬಿಸಿನೀರು, ಸೋಪಿನಿಂದ ಮೈ ಉಜ್ಜಿ ತೊಳೆದು, ಮೊಣಕಾಲ ಹಿಂಬದಿ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡಗಳನ್ನು ನೋಡಿಕೊಳ್ಳಬೇಕು. ಗಸಗಸೆಯಷ್ಟು ಸಣ್ಣದು ಮುದುಕರ ಕಣ್ಣಿಗೆ ಬೀಳದು. ಶಾಲೆ ಕಾಲೇಜಿಗೆ ಹೋಗುವ ಮಕ್ಕಳು ಅಜ್ಜಿಯ ಬೆನ್ನು, ಕುತ್ತಿಗೆ ನೋಡಿ ಕೊಟ್ಟರೆ ದೊಡ್ಡ ಉಪಕಾರವಾದೀತು.

ಮಲೆನಾಡಿನಲ್ಲಿ ಬಚ್ಚಲ ಹಂಡೆ ಸಂಜೆ ಉರಿಯುವುದು ವಿಶೇಷವಲ್ಲ. ಯಾರ ಬಚ್ಚಲಲ್ಲಿ ಉರಿಯುತ್ತದೆ ಎಂಬುದನ್ನು ಮಾತ್ರ ಕೇಳಬೇಕಾಗಿದೆ. ಉತ್ತರಕನ್ನಡದ ತೋಟಿಗರಿಗೆ ಬ್ರಿಟಿಷರ ಕಾಲದಿಂದಲೂ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆ. ಆ ಬೆಟ್ಟದ ದರಕನ್ನು ಗುಡಿಸಿ, ಹಗ್ಗದ ಕಲ್ಲಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತರುವವರು ಬಹಳ ಕಡೆ ಕೂಲಿಗೆ ಬರುವ ಹೆಂಗಸರು. ಎಲೆಯ ಧೂಳಿನಲ್ಲಿ ದಿನವಿಡೀ ದುಡಿದು ಕತ್ತಲಾಗುವ ಹೊತ್ತಿಗೆ ಅವರು ತಮ್ಮ ಮನೆ ಸೇರುತ್ತಾರೆ. ಅಲ್ಲಿ ಒಲೆ ಒಂದೇ. ಅದರ ಮೇಲೆ ಮೊದಲು ಏರಬೇಕಾದದ್ದು ಅನ್ನದ ಪಾತ್ರೆ. ಸ್ನಾನದ ನೀರು ಕಾಯುವವರೆಗೆ ಮೈಮೇಲಿನ ಬಟ್ಟೆ ಬದಲಾಗುವುದಿಲ್ಲ, ಮಗು ಆ ಸೆರಗಿನಲ್ಲೇ ಮಲಗುತ್ತದೆ.

ಈ ಅಸಮಾನತೆ ಮೊದಲೂ ಇತ್ತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದು ಗೇರು ನೆಡುವ ಕೆಲಸ ನಡೆದಾಗ ಮಂಗನ ಕಾಯಿಲೆ ಹಬ್ಬಿ, ಮಲಗಿದವರಲ್ಲಿ ಹೆಚ್ಚಿನವರು ಆ ಕೂಲಿಗೆ ಹೋಗಿದ್ದ ಬಡವರಾಗಿದ್ದರು. ಅದನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 'ಅಭಿವೃದ್ಧಿಯ ಕಾಯಿಲೆ' ಎಂದೇ ಇದನ್ನು ಕರೆದರು. ಕಾಡಿನ ಅಂಚು ಹೆಚ್ಚಾದಷ್ಟೂ, ಆ ಅಂಚಿನಲ್ಲಿ ದನ ಮೇದಷ್ಟೂ ಉಣುಗಿಗೆ ಅನುಕೂಲ. ದೊಡ್ಡ ಉಣುಗು ದನದ ರಕ್ತ ಕುಡಿದೇ ಮೊಟ್ಟೆಯಿಡುವುದು. ಪರಿಸರದ ಮಾತನಾಡುವವರು ಕಾಡು ಉಳಿಸಿ ಎಂದಷ್ಟೇ ಹೇಳಿ, ಆ ಕಾಡಿನ ಎಲೆಯನ್ನು ಹೊರುವವರ ಆರೋಗ್ಯದ ಮಾತು ಬಂದಾಗ ಮೌನವಾದರೆ ಅದು ಅರ್ಧ ಮಾತು.

ಆದ್ದರಿಂದ ಕೂಲಿಗೆ ಕರೆಯುವ ಮನೆಯವರೇ ಹಂಡೆಗೆ ಬೆಂಕಿ ಹಾಕಿಸಬೇಕು. ಕೆಲಸ ಅರ್ಧ ಗಂಟೆ ಮುಂಚೆ ಮುಗಿಯಲಿ, ಬಂದವರು ಅಲ್ಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ತಂದಿಟ್ಟ ಬೇರೆ ಬಟ್ಟೆ ಉಟ್ಟು ಮನೆಗೆ ಹೋಗಲಿ. ಇದು ದಾನವಲ್ಲ, ಕೂಲಿಯ ಭಾಗ. ಬಚ್ಚಲಿಗೆ ಯಾರನ್ನು ಬಿಡುವುದು, ಯಾರನ್ನು ಬಿಡದಿರುವುದು ಎಂಬ ಹಳೆಯ ಲೆಕ್ಕ ಇನ್ನೂ ಜೀವಂತವಿರುವ ಊರುಗಳಲ್ಲಿ ಇದು ಸುಲಭವಾಗದು. ಅಂಗಳದಲ್ಲಿ ಮಡಲಿನ ಮರೆ ಕಟ್ಟಿ ಇನ್ನೊಂದು ಹಂಡೆ ಹೂಡುವುದನ್ನಾದರೂ ಮಾಡಲಾಗದೇ?

ಮಂಗ ಸತ್ತದ್ದು ಕಂಡರೆ ಮುಟ್ಟಬಾರದು, ಹೂಳಬಾರದು. ಸತ್ತ ಪ್ರಾಣಿಯ ಮೈಯಿಂದ ಇಳಿದ ಉಣುಗುಗಳು ಅಲ್ಲೇ ಸುತ್ತ ಹರಡಿರುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ಅಂದೇ ತಿಳಿಸಿ, ಆ ದಾರಿಯಲ್ಲಿ ಓಡಾಟ ನಿಲ್ಲಿಸಬೇಕು. ಈ ಕಾಲದಲ್ಲಿ ತಟ್ಟನೆ ಬಂದ ಜ್ವರ, ತಲೆನೋವು, ಮೈಕೈ ಮುರಿಯುವ ನೋವನ್ನು ಅಂಗಡಿಯ ಮಾತ್ರೆಯಲ್ಲಿ ಕಳೆಯಬಾರದು. ಕೆಲವು ನೋವಿನ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಜ್ವರ ಇಳಿದು ವಾರ ಎರಡು ವಾರಗಳ ನಂತರ ಮತ್ತೆ ಮರಳುವುದೂ ಉಂಟು. ವೈದ್ಯರ ಮುಂದೆ ಮೊದಲು ಹೇಳಬೇಕಾದ ಮಾತು 'ದರಕಿಗೆ ಹೋಗಿದ್ದೆ' ಎಂಬುದು. ಮೊದಲ ದಿನಗಳಲ್ಲೇ ರಕ್ತಪರೀಕ್ಷೆಯಾದರೆ ಕಾಯಿಲೆ ಬೇಗ ತಿಳಿಯುತ್ತದೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡದು, ರೋಗಿಯ ಮನೆಯನ್ನು ದೂರವಿಡುವ ಕಾರಣವಿಲ್ಲ.

ತೈಲದ ಬಾಟಲಿಗಳು ಮೊದಲ ಸಾವಿನ ಸುದ್ದಿಯ ನಂತರ ಹಳ್ಳಿಗೆ ಬಂದರೆ ಪ್ರಯೋಜನವಿಲ್ಲ. ದೀಪಾವಳಿಗೆ ಮುನ್ನವೇ ಅವು ಆಶಾ ಕಾರ್ಯಕರ್ತೆಯರ ಕೈ ಸೇರಿರಬೇಕೆಂದು ಗ್ರಾಮಸಭೆಗಳು ಠರಾವು ಮಾಡಲಿ. ಯಾವ ಮನೆಯ ಕೂಲಿಯವರಿಗೆ ತೈಲ ಮುಟ್ಟಿಲ್ಲ, ಎಲ್ಲಿ ಹಂಡೆ ಹೂಡಿಲ್ಲ ಎಂಬುದನ್ನೂ ಅದೇ ಸಭೆಯಲ್ಲಿ ಕೇಳಲಿ.