ಸಾಂಕ್ರಾಮಿಕ ಕಾಲದ ಪ್ರಯಾಣಧರ್ಮ

ದೇಶಸಂಚಾರವು ಜ್ಞಾನಕ್ಕೆ ಸಾಧನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಸಂಚರಿಸುವವನೊಡನೆ ರೋಗವೂ ಸಂಚರಿಸುವುದೆಂಬುದನ್ನು ಜನರು ಬಹುಬೇಗ ಮರೆಯುತ್ತಾರೆ. 1918ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಜ್ವರವು ರೈಲುಮಾರ್ಗಗಳನ್ನು ಹಿಡಿದು ಒಳನಾಡನ್ನೆಲ್ಲ ವ್ಯಾಪಿಸಿತು. ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರು ಮಡಿದರು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗದಿಂದ ಈ ದೇಶದಲ್ಲಿ ದೃಢಪಟ್ಟ ಮೊದಲ ಸಾವು ವಿದೇಶಯಾತ್ರೆಯಿಂದ ಹಿಂದಿರುಗಿದ್ದ ಕಲಬುರಗಿಯ ವೃದ್ಧರೊಬ್ಬರದು. ವಾಹನ ಬದಲಾಯಿತು, ರೋಗದ ದಾರಿ ಬದಲಾಗಲಿಲ್ಲ.

ಈ ತಿಳಿವು ಪ್ರಾಚೀನರಿಗೆ ಇರಲಿಲ್ಲವೆಂದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಜ್ವರಾದಿ ರೋಗಗಳು ಮನುಷ್ಯನಿಂದ ಮನುಷ್ಯನಿಗೆ ದಾಟುವ ಬಗೆಯನ್ನು ಹೇಳುವಾಗ ದೇಹಸ್ಪರ್ಶ, ಸಹಭೋಜನ, ಒಂದೇ ಹಾಸಿಗೆ, ಒಂದೇ ಆಸನ ಇವುಗಳೊಡನೆ ನಿಶ್ವಾಸವನ್ನೂ ಎಣಿಸಿದೆ. ಕಿಕ್ಕಿರಿದ ಬಸ್ಸಿನಲ್ಲಿ ಇವುಗಳಲ್ಲಿ ಯಾವುದು ತಾನೇ ಇಲ್ಲ? ಕೆಮ್ಮಿನ ತುಂತುರು ಮಾತ್ರವಲ್ಲ, ಮಾತನಾಡುವಾಗ ಹೊರಬೀಳುವ ಕಣ್ಣಿಗೆ ಕಾಣದ ಸೂಕ್ಷ್ಮ ಹನಿಗಳೂ ಮುಚ್ಚಿದ ಗಾಳಿಯಲ್ಲಿ ತೇಲುತ್ತ ನಿಲ್ಲುವುವೆಂದು ಇಂದಿನ ವಿಜ್ಞಾನವು ತಿಳಿಸುತ್ತದೆ. 2003ರಲ್ಲಿ ಸಾರ್ಸ್ ರೋಗಿಯೊಬ್ಬನಿದ್ದ ಹಾಂಗ್‌ಕಾಂಗ್–ಬೀಜಿಂಗ್ ವಿಮಾನದಲ್ಲಿ, ಅವನಿಂದ ಹಲವು ಸಾಲು ದೂರ ಕುಳಿತವರಿಗೂ ಸೋಂಕು ತಗುಲಿತು.

ಆದುದರಿಂದ ಪ್ರಯಾಣಿಕನು ಅನುಸರಿಸಬೇಕಾದ ನಿಯಮಗಳು ಸರಳವಾದುವು. ಮಳೆಹನಿ ಸಿಡಿದರೂ ಕಿಟಕಿಯನ್ನು ಕಿಂಚಿತ್ತಾದರೂ ತೆರೆದಿಡಬೇಕು. ಮುಖಗವಸು ಬಾಯಿಯನ್ನಷ್ಟೇ ಅಲ್ಲ, ಮೂಗನ್ನೂ ಮುಚ್ಚಿರಬೇಕು. ಗಲ್ಲದ ಕೆಳಗೆ ಜೋತುಬಿದ್ದ ಗವಸು ಯಾರನ್ನೂ ಕಾಯದು. ಉಣ್ಣುವ ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು. ಲಸಿಕೆಯುಂಟಾದರೆ ಹೊರಡುವ ಹಿಂದಿನ ದಿನವಲ್ಲ, ಎರಡು ವಾರ ಮೊದಲೇ ಹಾಕಿಸಿಕೊಳ್ಳಬೇಕು. ಕರ್ಪೂರ, ನೀಲಗಿರಿ ಎಣ್ಣೆಗಳ ವಾಸನೆಯಿಂದ ಮೂಗು ಹಗುರವಾದಂತೆ ತೋರಬಹುದು. ಸೋಂಕು ತಡೆಯುವ ಶಕ್ತಿ ಅವುಗಳಿಗಿಲ್ಲ.

ಆದರೆ ಇವೆಲ್ಲವೂ ತನ್ನನ್ನು ತಾನು ಕಾಪಾಡಿಕೊಳ್ಳುವ ಮಾತಾಯಿತು. ಇದಕ್ಕಿಂತ ಹಿರಿದಾದ ನಿಯಮವೊಂದಿದೆ: ಜ್ವರ ಬಂದವನು ಪ್ರಯಾಣ ಮಾಡಬಾರದು. ನಮ್ಮ ಸಮಾಜದಲ್ಲಿ ಇದಕ್ಕೆ ಅಡ್ಡಬರುವುದು ಅಜ್ಞಾನವಲ್ಲ, ದಾಕ್ಷಿಣ್ಯ. ಮದುವೆಗೆ ಹೋಗದಿದ್ದರೆ ಬೀಗರು ಏನೆಂದುಕೊಂಡಾರು, ಜಾತ್ರೆಗೆ ತಪ್ಪಿಸಿಕೊಂಡರೆ ಊರವರು ಏನೆಂದಾರು ಎಂಬ ಅಳುಕಿನಿಂದ ಕೆಮ್ಮುತ್ತಲೇ ಹೊರಡುವವರು ಅನೇಕರು. ದಿನಗೂಲಿಯವನು ಹೋಗದೆ ನಿರ್ವಾಹವಿಲ್ಲ. ಅವನ ಮನೆಯ ಒಲೆ ಉರಿಯಬೇಕು. ಅಂತಹವನ ಪಕ್ಕದಲ್ಲಿ ಕುಳಿತು ಅವನನ್ನು ಅಪಾಯಕ್ಕೀಡುಮಾಡುವವನು, ಪ್ರಯಾಣವನ್ನು ಮುಂದೂಡಬಲ್ಲ ಅನುಕೂಲಸ್ಥನಾಗಿದ್ದರೆ ಅವನ ಹೊಣೆ ಇಮ್ಮಡಿಯಾದುದು.

ವಿದ್ಯಾಸಂಸ್ಥೆಗಳೂ ಈ ವಿಷಯದಲ್ಲಿ ಆತ್ಮಪರೀಕ್ಷೆ ಮಾಡಿಕೊಳ್ಳತಕ್ಕುದು. ನೂರಕ್ಕೆ ನೂರು ಹಾಜರಿಗೆ ಬಹುಮಾನವಿತ್ತರೆ ಜ್ವರದ ಬಾಲಕನೂ ಬಸ್ಸು ಹತ್ತಿ ಬಂದೇ ಬರುತ್ತಾನೆ. ಬಹುಮಾನದ ಉದ್ದೇಶ ಶಿಸ್ತು, ಫಲ ಸೋಂಕು! ಈ ನಿಯಮ ಸಡಿಲವಾದರೆ ಸೋಮಾರಿಗಳಿಗೆ ನೆಪವಾದೀತೆಂಬ ಆಕ್ಷೇಪ ಬರಬಹುದು. ನೆಪ ಯಾವುದು, ಜ್ವರ ಯಾವುದು ಎಂಬುದು ಮಕ್ಕಳ ಮುಖ ನೋಡಿದ ಅನುಭವಿ ಗುರುಗಳಿಗೆ ತಿಳಿಯದ ವಿಷಯವೇನಲ್ಲ. ದಸರೆಯ ರಜೆ ಮುಗಿಸಿ ಊರೂರುಗಳಿಂದ ವಸತಿನಿಲಯಕ್ಕೆ ಮರಳುವ ಮಕ್ಕಳಲ್ಲಿ ಕಾಯಿಲೆಯವರು ಒಂದೆರಡು ದಿನ ತಡವಾಗಿ ಬಂದರೆ ಅದನ್ನು ಗೈರುಹಾಜರಿಯೆಂದು ಎಣಿಸಬಾರದು. ಬಂದ ಮೇಲೆ ಜ್ವರ ಕಾಣಿಸಿಕೊಂಡವರಿಗೆ ಗಾಳಿ ಬೆಳಕುಳ್ಳ ಪ್ರತ್ಯೇಕ ಕೊಠಡಿಯೊಂದಿರಬೇಕು. ದಾನಿಗಳು ಬೆಳ್ಳಿಯ ಬಟ್ಟಲಿಗೆ ಕೊಡುವ ಹಣವನ್ನು ಈ ಕೊಠಡಿಗೆ ಕೊಟ್ಟರೆ ಅದು ನೂರಾರು ಮನೆಗಳನ್ನು ತಲುಪುವ ದಾನವಾಗುವುದು.

ಹೊರಡುವುದು ಮನುಷ್ಯನ ಹಕ್ಕು. ತಡೆದು ನಿಲ್ಲುವುದು ಅವನ ವಿವೇಕ. ಪಕ್ಕದಲ್ಲಿ ಕುಳಿತ ಅಪರಿಚಿತನ ಉಸಿರನ್ನೂ ತನ್ನ ಉಸಿರಿನಂತೆ ಕಾಯುವವನೇ ನಿಜವಾದ ವಿದ್ಯಾವಂತನು.